ಕಲ್ಲುಗಣ್ಣಿ

ಈರುಳ್ಳಿ ಹೆಚ್ಚಿದರೂ ಕಣ್ಣಲ್ಲಿ ಹನಿ ನೀರು ಬಾರದ ಹೆಂಗಸು ಸಿಕ್ಕರೆ ಯಾವ ಅಡುಗೆ ಮೇಸ್ತ್ರಿ ಬಿಟ್ಟಾನು? ಕಾರ್ಖಾನೆಯ ಕ್ಯಾಂಟೀನಿನ ಮೇಸ್ತ್ರಿಯೂ ಬಿಡಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರದಿಂದ ಅವಳನ್ನು ಎಬ್ಬಿಸಿ ತಂದು, ಹಿಂಬಾಗಿಲ ಪಕ್ಕದ ಕಲ್ಲುಮೇಜಿನ ಮುಂದೆ ನಿಲ್ಲಿಸಿ, ಕೈಗೆ ಚಾಕು ಕೊಟ್ಟ. ಎರಡು ಪಾಳಿಯ ಜನಕ್ಕೆ ಬೇಕಾಗುವ ಈರುಳ್ಳಿ ಬೆಳಗಾದರೆ ಮೂಟೆಗಟ್ಟಲೆ ಬಂದು ಬೀಳುತ್ತಿತ್ತು. ಅದುವರೆಗೆ ಆ ಕೆಲಸವನ್ನು ಹೆಂಗಸರೆಲ್ಲ ಸರದಿಯ ಮೇಲೆ, ಮೂಗು ಸೀಟುತ್ತ, ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಮೇಸ್ತ್ರಿಯ ವಂಶವನ್ನೇ ಬೈಯುತ್ತ ಮಾಡುತ್ತಿದ್ದರು. ಈಗ ಎಲ್ಲರ ಪಾಲಿನ ಈರುಳ್ಳಿಯೂ ಅವಳೊಬ್ಬಳ ಪಾಲಿಗೆ ಬಂತು.

“ನಿನ್ ಕಣ್ಣೇನು ಕಲ್ಲಲ್ಲಿ ಮಾಡಿದ್ದಾರೇನೇ?” ಎಂದು ಮೊದಲು ಕೇಳಿದವಳು ಒಲೆಯ ಮುಂದಿನ ದಪ್ಪಕ್ಕ. ಕೇಳಿ ಸುಮ್ಮನಿರಲಿಲ್ಲ, ಅರ್ಧ ಈರುಳ್ಳಿಯನ್ನು ಅವಳ ಮೂಗಿನ ಹತ್ತಿರ ಹಿಡಿದು ಎಲ್ಲರನ್ನೂ ಕರೆದು ತೋರಿಸಿದಳು. ದಪ್ಪಕ್ಕನ ಕಣ್ಣಿಂದಲೇ ಬಳಬಳ ನೀರು ಇಳಿಯಿತು. ಇವಳು ಕಣ್ಣು ಪಿಳುಕಿಸದೆ ನಿಂತಿದ್ದಳು. ಅಡುಗೆಮನೆ ಗೊಳ್ಳೆಂದು ನಕ್ಕಿತು. ಅವತ್ತಿನಿಂದ ಕ್ಯಾಂಟೀನಿನಲ್ಲಿ ಅವಳ ಹೆಸರು ಕಲ್ಲುಗಣ್ಣಿ.

ಅವಳಿಗೆ ಬೇಜಾರಾಗಲಿಲ್ಲ, ಹೆಮ್ಮೆಯಾಯಿತು. ಓದಿನಲ್ಲಿಲ್ಲ, ರೂಪಿನಲ್ಲಿಲ್ಲ, ಮಾತಿನಲ್ಲಿಲ್ಲ, ಯಾವುದರಲ್ಲೂ ಮುಂದಿನ ಸಾಲಿಗೆ ಬಾರದಿದ್ದವಳು ಈರುಳ್ಳಿಯಲ್ಲಿ ಮೊದಲನೆಯವಳಾಗಿದ್ದಳು. ಕಣ್ಣು ಉರಿಯುತ್ತಿರಲಿಲ್ಲ ಅಂತಲ್ಲ. ಯಾರೋ ಹಿಡಿ ಮರಳು ಎರಚಿ ಹೋದ ಹಾಗೆ ಉರಿಯುತ್ತಿತ್ತು. ಆದರೆ ಈರುಳ್ಳಿ ಹೆಚ್ಚುವವರ ಕಣ್ಣು ಉರಿಯದೆ ತಣ್ಣಗಿರುತ್ತದೆಯೇ? ಎಲ್ಲರಿಗೂ ಉರಿ ಮತ್ತು ನೀರು, ತನಗೆ ಬರೀ ಉರಿ, ಅಷ್ಟರಮಟ್ಟಿಗೆ ತಾನು ಪುಣ್ಯವಂತೆ ಅಂದುಕೊಂಡಳು.

ಎಡವಟ್ಟಾದದ್ದು ಇಲ್ಲೇ. ಆಮೇಲೆ ಅವಳು ಹತ್ತಿದ ಆಸ್ಪತ್ರೆಯ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ, ಆದರೆ ಒಬ್ಬ ಡಾಕ್ಟರ ಮುಂದೆಯೂ ಕಣ್ಣಿನ ಮಾತು ಎತ್ತಲಿಲ್ಲ. ಗಂಟಲು ಕಟ್ಟಿದವರು ಡಾಕ್ಟರ ಹತ್ತಿರ ಹೋಗುತ್ತಾರೆ, ಒಳ್ಳೆಯ ಕಂಠ ಇದ್ದವರು ಹೋಗುತ್ತಾರೆಯೇ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಯಿತು.

ಅವಳು ಹೇಳಿಕೊಂಡದ್ದು ಬೇರೆ. ಬಾಯಿ ಒಣಗುತ್ತದೆ, ತುತ್ತು ತುತ್ತಿಗೂ ನೀರು ಕುಡಿಯದಿದ್ದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತಾಡುವಾಗ ಟಕ್ ಟಕ್ ಸದ್ದಾಗುತ್ತದೆ. ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣುಗಳು ಊದಿಕೊಂಡು ಚೊಂಬು ಎತ್ತಲಾಗುವುದಿಲ್ಲ. ಏನೂ ಮಾಡದಿದ್ದರೂ ಮೈ ಹಿಂಡಿದ ಬಟ್ಟೆ. ಹಲ್ಲುಗಳು ಬುಡದಿಂದ ಕಪ್ಪಾಗಿ ಚೂರು ಚೂರಾಗಿ ಉದುರುತ್ತಿವೆ.

ಬೀದಿಯ ಡಾಕ್ಟರು ನಾಡಿ ಹಿಡಿದೇ ಹೇಳಿದರು, “ವಯಸ್ಸಮ್ಮ. ಗ್ಯಾಸ್ ಬೇರೆ ಇದೆ. ನೀರು ಜಾಸ್ತಿ ಕುಡೀರಿ.”

“ಕುಡೀತಾನೇ ಇದ್ದೀನಿ ಡಾಕ್ಟ್ರೇ.”

“ಇನ್ನೂ ಕುಡೀರಿ.”

ಹಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿ ಮುಖ ಸಿಂಡರಿಸಿಕೊಂಡರು. ಹಲ್ಲುಜ್ಜುವುದನ್ನು ಚಿಕ್ಕಂದಿನಲ್ಲಿ ಯಾರೂ ಕಲಿಸಲಿಲ್ಲವಾ ಎಂದು ಕೇಳಿದರು. ಕ್ಯಾಂಟೀನಿನಲ್ಲಿ ಕೆಲಸ ಎಂದಾಗ, “ಹಂಗೆ ಹೇಳಿ, ಸಿಹಿ ಕದ್ದು ತಿನ್ನೋ ಅಭ್ಯಾಸ” ಎಂದು ಸಹಾಯಕಿಯ ಕಡೆ ನೋಡಿ ನಕ್ಕರು. ದಿನಕ್ಕೆರಡು ಸಲ ಉಜ್ಜುತ್ತಿದ್ದವಳಿಗೆ ರೇಗಿತು. ಆದರೆ ಬಾಯೊಳಗೆ ಇಕ್ಕಳ ಇದ್ದಾಗ ರೇಗಿ ಏನು ಮಾಡುವುದು, ಬಡವನ ಸಿಟ್ಟು ದವಡೆಗೆ ಮೂಲ. ಆ ಸಲ ಮೂರು ಹಲ್ಲು ಹೋದವು, ಮುಂದಿನ ಸಲ ಇನ್ನೆರಡು.

ಮೂಳೆ ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಮಾತ್ರೆ ಹೊಟ್ಟೆ ಸುಟ್ಟಿತು. ಹೊಟ್ಟೆಯ ಡಾಕ್ಟರು ಕೊಳವೆ ಬಿಟ್ಟು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲ ಅನ್ನುವುದು ಒಳ್ಳೆಯ ಸುದ್ದಿ ಎಂಬಂತೆ ಅವರು ಹೇಳಿದ ರೀತಿಗೆ ಇವಳಿಗೆ ಆ ಕೊಳವೆಯನ್ನು ಅವರಿಗೇ ನುಂಗಿಸಬೇಕು ಅನ್ನಿಸಿತು. ಕೊನೆಗೆ ಎಲ್ಲರೂ ಸೇರಿ ಅವಳನ್ನು ಮನಸ್ಸಿನ ಡಾಕ್ಟರ ಹತ್ತಿರ ತಳ್ಳಿದರು.

“ಮನೇಲಿ ಏನಾದ್ರೂ ತೊಂದ್ರೆ ಇದ್ಯಾ?” ಎಂದು ಅವರು ಮೆತ್ತಗೆ ಕೇಳಿದರು.

“ಯಾರ ಮನೇಲಿ ಇಲ್ಲ?” ಎಂದಳು.

ಆ ಉತ್ತರವೇ ಕಾಯಿಲೆಯ ಗುರುತು ಎಂಬಂತೆ ಅವರು ತಲೆಯಾಡಿಸಿ ರಾತ್ರಿ ನುಂಗಲು ಮಾತ್ರೆ ಬರೆದರು. ಆ ಮಾತ್ರೆ ಬಾಯಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಪಸೆಯನ್ನೂ ಆರಿಸಿಬಿಟ್ಟಿತು. ಗಾಯದ ಮೇಲೆ ಬರೆ ಎಳೆಯಲು ಡಾಕ್ಟರಿಗಿಂತ ಬಲ್ಲವರಿಲ್ಲ.

ಮನೆಯ ತೊಂದರೆಯ ಹೆಸರು ಗಂಡ. ಅವನು ಕ್ಷೌರಿಕ. ಪೇಟೆಯ ತಿರುವಿನಲ್ಲಿ ಎರಡು ಕುರ್ಚಿಯ ಅಂಗಡಿ, ಎದುರಿಗೆ ಉದ್ದನೆಯ ಕನ್ನಡಿ. ಕತ್ತರಿಗಿಂತ ಅವನ ನಾಲಿಗೆ ಚುರುಕು. ಅವನ ಮಾತು ಕೇಳುವುದಕ್ಕೆಂದೇ ಜನ ಕೂದಲು ಬೆಳೆಯುವ ಮುಂಚೆ ಬಂದು ಕೂರುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಇಂಥವನನ್ನು ನೋಡಿಯೇ ಯಾರೋ ಕಟ್ಟಿರಬೇಕು. ಅವನು ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಹೊಡೆದಿದ್ದರೆ ಅವಳಿಗೆ ಯಾರಿಗಾದರೂ ತೋರಿಸಲು ಬಾಸುಂಡೆಯಾದರೂ ಇರುತ್ತಿತ್ತು. ಅವನು ನಗಿಸುತ್ತಿದ್ದ. ಅವಳ ಟಕ್ ಟಕ್ ಮಾತನ್ನು ಹುಬೇಹೂಬು ಆಡಿ ತೋರಿಸಿ, ಮನೆಗೆ ಬಂದವರನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡುತ್ತಿದ್ದ. ಮುಪ್ಪಾದ ಮೇಲೆ ಹಲ್ಲು ಹೋಗೋದು ಕಂಡಿದ್ದೀನಿ, ಇವಳಿಗೆ ಹಲ್ಲು ಹೋಗಿ ಮುಪ್ಪು ಬಂತು ಅನ್ನುತ್ತಿದ್ದ.

ಮಗಳ ಮದುವೆ ಮಾತುಕತೆಗೆ ಬೀಗರು ಬಂದಿದ್ದ ದಿನ ಊಟದ ನಡುವೆ ಅವಳ ಮುಂದಿನ ಹಲ್ಲು ಮುರಿದು ತಟ್ಟೆಗೆ ಬಿತ್ತು. ಅವಳು ಕೈ ಮುಚ್ಚುವ ಮೊದಲೇ ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದ.

“ಇವಳು ಮಾಡಿದ ಅಡುಗೇಲಿ ಯಾವಾಗ್ಲೂ ಕಲ್ಲು ಸಿಗುತ್ತೆ ಅಂತಿದ್ದೆ. ಕ್ಷಮಿಸಿ, ಕಲ್ಲಲ್ಲ, ಹಲ್ಲು!”

ಬೀಗರು ನಕ್ಕರು. ಅಳಿಯನಾಗುವವನು ತಲೆ ತಗ್ಗಿಸಿದ. ಮಗಳು ನೀರು ನೆತ್ತಿಗೇರುವಷ್ಟು ನಕ್ಕಳು. ಬಾಯಿ ಮುಚ್ಚಿಕೊಂಡು ಅವಳೂ ನಕ್ಕಳು, ಬೇರೆ ದಾರಿ ಇರಲಿಲ್ಲ. ಅವನು ಆ ಚೂರನ್ನು ಎಲ್ಲರ ಮುಂದೆ ಒಂದು ಸುತ್ತು ತೋರಿಸಿ ಅವಳ ತಟ್ಟೆಯ ಅಂಚಿಗೇ ತಂದಿಟ್ಟ.

ಮಗಳ ಪಾಲಿಗೆ ಅವನು ದೇವರು. ಸುಳ್ಳಲ್ಲ, ಅವಳ ವಿಷಯದಲ್ಲಿ ಅವನು ನಿಜವಾಗಿಯೂ ಒಳ್ಳೆಯವನೇ. ಚಿಕ್ಕಂದಿನಲ್ಲಿ ಜ್ವರ ಬಂದರೆ ಅಂಗಡಿ ಮುಚ್ಚಿ ಹೆಗಲ ಮೇಲೆ ಹೊತ್ತು ತಿರುಗಿದವನು, ಮದುವೆಯಾಗುವವರೆಗೂ ಅವಳ ಕೂದಲಿಗೆ ಇನ್ನೊಬ್ಬರ ಕತ್ತರಿ ತಾಗಲು ಬಿಡದವನು. ಒಬ್ಬ ಮನುಷ್ಯ ಒಂದೇ ಸೂರಿನಡಿ ಇಬ್ಬರಿಗೆ ಎರಡು ತರದವನಾಗಿರಬಹುದು. ಇಬ್ಬರೂ ತಮಗೆ ಕಂಡದ್ದೇ ನಿಜ ಅನ್ನುತ್ತಾರೆ, ಇಬ್ಬರೂ ಸರಿಯೇ.

ಅವನು ಸತ್ತದ್ದು ಅಂಗಡಿಯಲ್ಲಿ, ಗಿರಾಕಿಯ ಅರ್ಧ ಗಡ್ಡ ಹೆರೆದು, ಒಂದು ನಗೆಹನಿ ಹೇಳಿ ಮುಗಿಸುವ ಮೊದಲು. ಎದೆ ಹಿಡಿದುಕೊಂಡು ಕುಸಿದದ್ದನ್ನೂ ಜನ ಮೊದಲು ನಟನೆ ಅಂದುಕೊಂಡು ನಕ್ಕರಂತೆ. ಪಕ್ಕದ ಇಸ್ತ್ರಿ ಅಂಗಡಿಯವನು ಕ್ಯಾಂಟೀನಿಗೆ ಓಡಿಬಂದು ಕಲ್ಲುಮೇಜಿನ ಮುಂದೆ ನಿಂತು ಹೇಳಿದ. ಅವಳು ಚಾಕು ಕೆಳಗಿಟ್ಟಳು. ಕೈ ತೊಳೆದಳು. ಆ ಹೊತ್ತಿಗೆ ಅವಳಿಗೆ ಮೊದಲು ಹೊಳೆದದ್ದು ಏನೆಂದರೆ, ಇವತ್ತು ರಾತ್ರಿ ತುತ್ತಿಗೊಂದು ಗುಟುಕು ನೀರು ಕುಡಿದು ನಿಧಾನವಾಗಿ ಊಟ ಮಾಡಬಹುದು, ಯಾರೂ ನೋಡುವುದಿಲ್ಲ. ಇದನ್ನು ಓದಿ ಮೂಗು ಮುರಿಯುವವರು ಮುರಿಯಲಿ. ಅವಳಿಗೆ ಅನ್ನಿಸಿದ್ದು ಅದೇ, ಅನ್ನಿಸಿದ್ದನ್ನು ನಾನು ಬದಲಾಯಿಸಲಾರೆ.

ಹೆಣವನ್ನು ಮನೆಗೆ ತಂದರು. ಹಜಾರದ ತುಂಬ ಜನ. ಗಂಡನ ಅಕ್ಕ ಹೊಸಲು ದಾಟುವ ಮೊದಲೇ ಗೋಳೋ ಎಂದು ಶುರುಮಾಡಿದಳು. ಅಳುವುದರಲ್ಲಿ ಅವಳಿಗೆ ಅವಳೇ ಸಾಟಿ. ಕಣ್ಣೀರು ಕೋಡಿ ಹರಿಯುತ್ತಿರುವಾಗಲೇ ಯಾರು ಬಂದರು, ಯಾರು ಬರಲಿಲ್ಲ, ಯಾರು ಕೈಬೀಸಿಕೊಂಡು ಬಂದರು ಎಂಬುದನ್ನೆಲ್ಲ ನೋಡಿಕೊಳ್ಳಬಲ್ಲವಳು. ಏಳು ತಿಂಗಳ ಬಸುರಿ ಮಗಳು ಅಪ್ಪನ ಕಾಲ ಹತ್ತಿರ ಕುಸಿದು ಬಿಕ್ಕುತ್ತಿದ್ದಳು. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣು ಒಣಗಿತ್ತು.

“ನೋಡಿ, ನೋಡಿ. ಕಟ್ಟಿಕೊಂಡ ಗಂಡ ಎದುರಿಗೆ ಮಲಗಿದ್ದಾನೆ, ಒಂದೇ ಒಂದು ಹನಿ ಬಂತಾ ಅವಳ ಕಣ್ಣಲ್ಲಿ?” ಗಂಡನ ಅಕ್ಕ ಅಳು ನಿಲ್ಲಿಸಿ ಹೇಳಿದಳು.

ಎಲ್ಲರ ಕಣ್ಣೂ ಗೋಡೆಯ ಕಡೆ ತಿರುಗಿತು. ಆಗ ಬಾಗಿಲಲ್ಲಿ ನಿಂತಿದ್ದ ದಪ್ಪಕ್ಕ ಗೆಳತಿಯನ್ನು ಉಳಿಸಲು ಹೊರಟಳು. ಪಾಪ, ಅವಳ ಉದ್ದೇಶ ಒಳ್ಳೆಯದೇ.

“ಅಯ್ಯೋ, ಅವಳಿರೋದೇ ಹಂಗೆ ಕಣಮ್ಮ. ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದ್ರೂ ಅವಳಿಗೆ ಕಣ್ಣಲ್ಲಿ ನೀರು ಬರಲ್ಲ. ಅದಕ್ಕೇ ನಾವೆಲ್ಲ ಅವಳನ್ನ ಕಲ್ಲುಗಣ್ಣಿ ಅಂತಲೇ ಕರೆಯೋದು.”

ಗಂಡನ ಅಕ್ಕ ಆ ಹೆಸರನ್ನು ನಿಧಾನವಾಗಿ ಒಂದು ಸಲ ಅಂದು ನೋಡಿದಳು, ಬಾಯಿಗೆ ಹಿಡಿಸಿತು. ಸಂಜೆಯೊಳಗೆ ಅದು ನೆಂಟರಿಷ್ಟರಿಗೆಲ್ಲ ತಲುಪಿತು. ಕ್ಯಾಂಟೀನಿನಲ್ಲಿ ತಮಾಷೆಯಾಗಿದ್ದ ಹೆಸರು ಮನೆಯಲ್ಲಿ ಶಾಪವಾಯಿತು. ಮಗಳು ಹೊರಡುವಾಗ ಅಮ್ಮನ ಮುಂದೆ ನಿಂತು ಅವಳ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿ, ಸೋದರತ್ತೆಯ ಕೈ ಹಿಡಿದುಕೊಂಡು ಹೋದಳು.

ಮಗು ಹುಟ್ಟಿದ ಸುದ್ದಿ ಅವಳಿಗೆ ಮೂರನೆಯವರಿಂದ ಬಂತು. ಗಂಡು ಮಗು ಎಂದು ಇಸ್ತ್ರಿ ಅಂಗಡಿಯವನು ಹೇಳಿದ. ಎರಡು ಬೀದಿ ಆಚೆಗೆ ಮಗಳ ಮನೆ. ಅವಳು ಮೆತ್ತನೆಯ ಬಟ್ಟೆ ಕೊಂಡು ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆದದ್ದು ಗಂಡನ ಅಕ್ಕ. ಬಾಣಂತಿಯನ್ನು ನೋಡಿಕೊಳ್ಳುವ ನೆಪದಲ್ಲಿ ಅವಳು ಅಲ್ಲೇ ಝಾಂಡಾ ಊರಿದ್ದಳು.

“ಏನು ಬಂದೆ?”

“ಅತ್ತಿಗೆ, ಮಗೂನ ಒಂದ್ಸಲ ನೋಡ್ಕೊಂಡು ಹೋಗ್ತೀನಿ.”

“ಎಳೇ ಕೂಸಿರೋ ಮನೆ ಇದು. ಕರುಳಿಲ್ಲದವರಿಗೆ ಇಲ್ಲೇನು ಕೆಲಸ?”

ಒಳಗಿನ ಕೋಣೆಯಲ್ಲಿ ಮಗು ಅಳುತ್ತಿತ್ತು. “ಮಗಳೇ” ಎಂದು ಅವಳು ಅತ್ತಿಗೆಯ ಭುಜದ ಮೇಲಿಂದ ಕೂಗಿದಳು. ನಾಲಿಗೆ ಅಂಟಿಕೊಂಡು ಸ್ವರ ಅರ್ಧ ಹೊರಟಿತು. ಮಗಳು ಎದ್ದು ಬಂದಳು, ಕೋಣೆಯ ಬಾಗಿಲಿನವರೆಗೆ ಮಾತ್ರ.

“ಅಪ್ಪನಿಗೆ ಒಂದು ಹನಿ ಕಣ್ಣೀರು ಹಾಕಲಿಲ್ಲ ನೀನು. ಒಂದೇ ಒಂದು ಹನಿ. ಅವರ ಮೊಮ್ಮಗನ್ನ ಎತ್ತಿಕೊಳ್ಳಕ್ಕೆ ಯಾವ ಮುಖ ಇಟ್ಕೊಂಡು ಬಂದೆ?”

ಬಟ್ಟೆಯನ್ನು ಅತ್ತಿಗೆ ಇಸಿದುಕೊಂಡಳು. ಬಾಗಿಲು ಮುಚ್ಚಿತು. ಆ ಬಾಗಿಲಿನ ಮುಂದೆ ನಿಂತಾಗ ಅವಳಿಗೆ ತನ್ನ ಹಲ್ಲು, ಗೆಣ್ಣು, ಸುಸ್ತು ಎಲ್ಲ ಮರೆತುಹೋಯಿತು. ಬೇಕಾದದ್ದು ಒಂದೇ: ಆ ಮಗುವನ್ನು ಎತ್ತಿಕೊಳ್ಳಬೇಕು. ಅದಕ್ಕೆ ದಾರಿಯೂ ಒಂದೇ: ಕಣ್ಣಲ್ಲಿ ನೀರು ಬರಬೇಕು.

ಮರುದಿನ ಅವಳು ಕ್ಯಾಂಟೀನಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು ಎರಡೂ ಕಣ್ಣಿಗೆ ಒತ್ತಿ ಹಿಡಿದಳು. ಉರಿ ನೆತ್ತಿಗೇರಿತು, ಮೂಗಿನ ಬುಡ ಸಿಡಿಯಿತು. ತಡೆದುಕೊಂಡು ಇನ್ನೂ ಒತ್ತಿದಳು, ರೆಪ್ಪೆ ಬಿಡಿಸಿ ಉಜ್ಜಿದಳು. ಆಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡಳು. ಒಣಗಿತ್ತು. ಮಾರನೆಯ ಬೆಳಿಗ್ಗೆ ಕಣ್ಣು ತೆರೆಯಲು ಆಗಲಿಲ್ಲ, ಗೋಡೆ ಹಿಡಿದುಕೊಂಡು ಬೀದಿಗೆ ಬಂದವಳನ್ನು ದಪ್ಪಕ್ಕ ಕೈಹಿಡಿದು ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋದಳು.

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನವಳು. ರೆಪ್ಪೆ ಬಿಡಿಸಿ ದೀಪ ಹಾಕಿ ನೋಡಿದಳು.

“ಏನ್ ಹಾಕ್ಕೊಂಡ್ರಿ ಕಣ್ಣಿಗೆ?”

“ಈರುಳ್ಳಿ.”

“ಈರುಳ್ಳಿನಾ? ಯಾಕೆ?”

“ಅಳೋದಕ್ಕೆ.”

ಡಾಕ್ಟರಿಗೆ ನಗು ಬಂತು, ತಡೆದುಕೊಂಡಳು. ದಪ್ಪಕ್ಕ ಮಧ್ಯೆ ಬಾಯಿ ಹಾಕಿ ಈರುಳ್ಳಿಯ ಪುರಾಣವನ್ನೆಲ್ಲ ಬಿಚ್ಚಿದಳು. ಡಾಕ್ಟರ ಮುಖದ ನಗು ಹೋಯಿತು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು ಆ ದಿನ ಕಳಿಸಿದಳು. ಉರಿ ಆರಿದ ಮೇಲೆ ಮತ್ತೆ ಬರಹೇಳಿ, ಬೆಂಕಿಕಡ್ಡಿಯಷ್ಟುದ್ದದ ಎರಡು ಕಿರಿದಾದ ಕಾಗದದ ಪಟ್ಟಿಗಳ ತುದಿಯನ್ನು ಕೆಳರೆಪ್ಪೆಗಳ ಒಳಗೆ ಸಿಕ್ಕಿಸಿ ಕಣ್ಣು ಮುಚ್ಚಿ ಕೂರಿಸಿದಳು. ಸಾಮಾನ್ಯ ಜನರಿಗಾದರೆ ಐದು ನಿಮಿಷದಲ್ಲಿ ಆ ಕಾಗದ ಅರ್ಧದಷ್ಟು ನೆನೆಯುತ್ತದೆ. ಇವಳ ಕಣ್ಣಿಂದ ತೆಗೆದ ಕಾಗದವನ್ನು ಡಾಕ್ಟರು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದಳು. ಹಾಕುವಾಗ ಹೇಗಿತ್ತೋ ಹಾಗೇ ಇತ್ತು.

“ಬಾಯಿ ಒಣಗುತ್ತಾ?”

ಅವಳು ತಲೆಯೆತ್ತಿದಳು. ಕಣ್ಣಿನ ಡಾಕ್ಟರು ಬಾಯಿಯ ಸುದ್ದಿ ಕೇಳಬೇಕೆ?

“ಒಣಗುತ್ತೆ.”

“ಊಟ ಮಾಡುವಾಗ ನೀರು ಬೇಕಾ?”

“ತುತ್ತು ತುತ್ತಿಗೂ.”

“ಬಾಯಿ ತೆಗೀರಿ.” ಅವಳು ತೆಗೆದಳು. ಡಾಕ್ಟರು ಒಳಗೆ ದೀಪ ಹಿಡಿದು ನೋಡಿದಳು. “ಇಷ್ಟೊಂದು ಹಲ್ಲು ಕಿತ್ತರಲ್ಲ, ಒಬ್ರೂ ನಿಮ್ಮ ಕಣ್ಣಿನ ಬಗ್ಗೆ ಕೇಳ್ಲಿಲ್ವಾ?”

“ಇಲ್ಲ.”

“ನೀವೂ ಹೇಳ್ಲಿಲ್ವಾ?”

“ಅದು ಕಾಯಿಲೆ ಅಂತ ನಂಗೇನು ಗೊತ್ತು? ಅದರಿಂದಲೇ ನಂಗೆ ಮೇಜಿನ ಕೆಲಸ ಸಿಕ್ಕಿದ್ದು.”

ಕಣ್ಣೀರು ಇರುವುದೇ ಕಣ್ಣನ್ನು ತೊಳೆಯುವುದಕ್ಕೆ, ಅಡುಗೆಮನೆಯಲ್ಲಿ ಅತ್ತವರೆಲ್ಲರ ಕಣ್ಣೂ ತೊಳೆದುಕೊಂಡಿವೆ, ನಿಮ್ಮದು ಮಾತ್ರ ಇಷ್ಟು ದಿನವೂ ಆ ಖಾರದಲ್ಲಿ ಸುಟ್ಟುಕೊಂಡಿದೆ, ಮೇಲಿನ ಪದರದ ತುಂಬ ಗೀರು ಎಂದು ಡಾಕ್ಟರು ಬಿಡಿಸಿ ಹೇಳಿದಳು. ಪುಣ್ಯವಂತೆ ಎಂದುಕೊಂಡವಳು ಬಾಯಿ ತೆರೆದುಕೊಂಡೇ ಕೇಳಿದಳು. ಆಮೇಲೆ ಅವಳನ್ನು ಎರಡನೆಯ ಮಹಡಿಯ ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು. ರಕ್ತ ತೆಗೆದರು. ಕೆಳತುಟಿಯ ಒಳಗೆ ಚಿಕ್ಕದಾಗಿ ಕೊಯ್ದು ಜೊಲ್ಲಿನ ಗ್ರಂಥಿಯ ಚೂರು ತೆಗೆದು ಹೊಲಿಗೆ ಹಾಕಿದರು. ಸೂಜಿ, ಕತ್ತರಿ, ಹೊಲಿಗೆ ಎಲ್ಲಕ್ಕೂ ಅವಳು ಖುಷಿಯಿಂದ ತುಟಿ ಕೊಟ್ಟಳು. ಇಷ್ಟು ವರ್ಷಕ್ಕೆ ಯಾರೋ ಅವಳ ಬಾಯಲ್ಲಿ ಏನೋ ಇದೆ ಎಂದು ನಂಬಿ ಹುಡುಕುತ್ತಿದ್ದರು.

ದೊಡ್ಡ ಡಾಕ್ಟರು ನರೆತ ತಲೆಯವರು, ಕನ್ನಡಕದ ಮೇಲಿಂದ ನೋಡುವವರು. “ಇದರ ಹೆಸರು ಶೋಗ್ರೆನ್ ಅಂತ. ಮೈಗೆ ಬಂದ ರೋಗಾಣುಗಳ ಜೊತೆ ಹೋರಾಡಕ್ಕೆ ನಮ್ಮೊಳಗೇ ಕಾವಲು ಇರುತ್ತಲ್ಲಮ್ಮ, ಆ ಕಾವಲೇ ನಿಮ್ಮ ಮೇಲೆ ತಿರುಗಿಬಿದ್ದಿದೆ. ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಎಲ್ಲಾನೂ ತಿಂದು ಹಾಕ್ತಿದೆ. ಗೆಣ್ಣು ನೋವು, ಸುಸ್ತು, ಎಲ್ಲಾ ಅದರದ್ದೇ.”

“ಬೇಲಿನೇ ಎದ್ದು ಹೊಲ ಮೇಯ್ದಂಗೆ” ಎಂದಳು.

“ಸರಿಯಾಗಿ ಹೇಳಿದ್ರಿ.”

“ವಾಸಿ ಆಗುತ್ತಾ?”

“ಇಲ್ಲ. ಹತೋಟೀಲಿಡಬಹುದು. ಹೋದದ್ದು ಹೋಯ್ತು.”

ಅವಳ ಮುಖ ಅರಳಿದ್ದನ್ನು ನೋಡಿ ಡಾಕ್ಟರಿಗೆ ತಾವು ಹೇಳಿದ್ದು ತಿಳಿಯಲಿಲ್ಲವೇನೋ ಅನ್ನಿಸಿ ಮತ್ತೊಮ್ಮೆ ಹೇಳಿದರು. ಅವಳಿಗೆ ಎಲ್ಲ ತಿಳಿದಿತ್ತು. ವಯಸ್ಸಲ್ಲ, ಗ್ಯಾಸಲ್ಲ, ಕದ್ದು ತಿಂದ ಸಿಹಿಯಲ್ಲ, ಮನಸ್ಸಿನ ಭ್ರಮೆಯಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲುಹೃದಯವಲ್ಲ. ಇದೊಂದು ಕಾಯಿಲೆ. ವಾಸಿಯಾಗದ ಕಾಯಿಲೆ ಬಂದದ್ದಕ್ಕೆ ಹಬ್ಬ ಮಾಡುವವರು ಇರುತ್ತಾರೆ ಎಂದರೆ ಯಾರೂ ನಂಬಲಿಕ್ಕಿಲ್ಲ.

“ಸಾರ್, ಇದನ್ನ ನನ್ನ ಮಗಳಿಗೆ ಹೇಳ್ತೀರಾ? ನೀವೇ ಹೇಳ್ಬೇಕು. ನಾನ್ ಹೇಳಿದ್ರೆ ನಂಬಲ್ಲ.”

“ಮುಂದಿನ ಸಲ ಕರ್ಕೊಂಡು ಬನ್ನಿ” ಎಂದರು.

ಕ್ಯಾಂಟೀನಿನಲ್ಲಿ ಇನ್ನು ಈರುಳ್ಳಿ ಹೆಚ್ಚಬಾರದಂತೆ ಎಂದು ಹೇಳಿದಾಗ ಮೇಸ್ತ್ರಿ, “ನಿಂಗೆ ಕಾಯಿಲೆ ಅಂತೀಯ, ನಂಗೆ ಅದರಿಂದ ಉಪಕಾರ ಆಗ್ತಿತ್ತಲ್ಲ” ಎಂದು ಗೊಣಗಿ ಅವಳನ್ನು ಮತ್ತೆ ಪಾತ್ರೆ ತೊಟ್ಟಿಗೆ ಅಟ್ಟಿದ. ಗೆಣ್ಣು ಊದಿದ ಕೈಗೆ ತಣ್ಣೀರು. ಅದೂ ಅವಳಿಗೆ ದೊಡ್ಡದಾಗಲಿಲ್ಲ. ಅಳಿಯ ಎಲೆಕ್ಟ್ರಿಷಿಯನ್, ಕಾರ್ಖಾನೆಯ ವೈರಿಂಗ್ ಕೆಲಸಕ್ಕೆ ಆಗಾಗ ಬರುತ್ತಿದ್ದ. ಗೇಟಿನ ಹತ್ತಿರ ಅವನನ್ನು ತಡೆದು ನಿಲ್ಲಿಸಿ ಎಲ್ಲ ಹೇಳಿದಳು. ಮೆತ್ತನೆಯ ಮನುಷ್ಯ, ತಟ್ಟೆಯಲ್ಲಿ ಹಲ್ಲು ಬಿದ್ದ ದಿನ ತಲೆ ತಗ್ಗಿಸಿದ್ದವನು. ಅವನು ಮನೆಯಲ್ಲಿ ಅದೇನು ಹೇಳಿದನೋ, ಎಷ್ಟು ದಿನ ಹೇಳಿದನೋ, ಅಂತೂ ಆಸ್ಪತ್ರೆಯ ದಿನ ಮಗಳು ಬಂದಳು. ಹೆಗಲ ಮೇಲೆ ಮಗುವೂ ಇತ್ತು. ಸೋದರತ್ತೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಡಾಕ್ಟರು ಒಳ್ಳೆಯವರು. ಮಗಳು ಕೇಳಲಿ ಎಂದು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಬಾಯಿ ಒಣಗುತ್ತಾ? ಒಣಗುತ್ತೆ. ಬೆಳಿಗ್ಗೆ ಬೆರಳು ಮಡಚಕ್ಕಾಗುತ್ತಾ? ಆಗಲ್ಲ. ಕಣ್ಣಲ್ಲಿ ಮರಳು ಬಿದ್ದಂಗಿರುತ್ತಾ? ಇರುತ್ತೆ. ಒಂದೊಂದು ಉತ್ತರಕ್ಕೂ ಅವರು ಹೌದು, ಹೌದು ಎಂದು ತಲೆಯಾಡಿಸುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದುರಿಗಿದ್ದವರು ಹೌದು ಅನ್ನುತ್ತಾರೆ ಎಂಬುದೇ ಅವಳಿಗೆ ಹೊಸ ರುಚಿ, ಅದರ ಅಮಲು ಅವಳ ತಲೆಗೆ ಏರುತ್ತಿತ್ತು. ಕೆಳಗಿನಿಂದ ಕಣ್ಣಿನ ಡಾಕ್ಟರನ್ನೂ ಕರೆಸಿ ಕಾಗದದ ಪಟ್ಟಿಗಳನ್ನು ಮತ್ತೆ ಹಾಕಿಸಿದರು. ತೆಗೆದು ಮಗಳ ಕೈಗೇ ಕೊಟ್ಟರು. ಮಗಳು ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

“ಇವರಿಗೆ ಅಳು ಬಂದ್ರೂ ನೀರು ಬರಲ್ಲಮ್ಮ. ಎಷ್ಟೇ ದುಃಖ ಆಗಿದ್ರೂ ಅಷ್ಟೇ. ಗ್ರಂಥಿಗಳೇ ಉಳಿದಿಲ್ಲ” ಎಂದರು ದೊಡ್ಡ ಡಾಕ್ಟರು.

ಮಗಳ ಗ್ರಂಥಿಗಳಿಗೆ ಏನೂ ಆಗಿರಲಿಲ್ಲ, ಕೈಯಲ್ಲಿದ್ದ ಕಾಗದ ಅವಳ ಕಣ್ಣೀರಿನಿಂದಲೇ ಒದ್ದೆಯಾಯಿತು.

ಹೊರಗೆ ಉದ್ದನೆಯ ಕಾರಿಡಾರು, ಗೋಡೆಯುದ್ದಕ್ಕೂ ಬೆಂಚುಗಳು. ಔಷಧಿ ತರಲು ಅಳಿಯ ಹೋದ. ಮಗಳು ಅಮ್ಮನನ್ನು ಕೂರಿಸಿ, ಮಗುವನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿದಳು. ಅವಳು ಅಂದುಕೊಂಡದ್ದಕ್ಕಿಂತ ಅದು ಭಾರವಾಗಿತ್ತು, ಬೆಚ್ಚಗಿತ್ತು. ಬಾಯಿಂದ ಧಾರಾಳವಾಗಿ ಜೊಲ್ಲು ಸುರಿಸುತ್ತ ಅವಳ ಊದಿದ ಬೆರಳೊಂದನ್ನು ಹಿಡಿದು ಚೀಪಲು ಶುರುಮಾಡಿತು. ಹಿಡಿತಕ್ಕೆ ಗೆಣ್ಣು ನೋಯಿತು, ಅವಳು ಬೆರಳು ಬಿಡಿಸಿಕೊಳ್ಳಲಿಲ್ಲ. ಇಷ್ಟು ಸುಖವನ್ನು ಅವಳು ತನ್ನ ಮದುವೆಯ ಅಷ್ಟೂ ವರ್ಷಗಳಲ್ಲಿ ಕಂಡಿರಲಿಲ್ಲ.

“ಅತ್ತೆ ಹೇಳಿದ್ದನ್ನ ನಾನೂ ನಂಬಿಬಿಟ್ಟೆ ಅಮ್ಮ” ಎಂದಳು ಮಗಳು, ಅವಳ ಭುಜಕ್ಕೆ ತಲೆ ಒರಗಿಸಿ. “ನಂಗೆ ಹೊಡಿ ನೀನು, ಬೈಯಿ.”

“ಹೋಗಲಿ ಬಿಡು.”

“ಅವತ್ತು ಒಳಗೊಳಗೇ ಎಷ್ಟು ಸಂಕಟ ಪಟ್ಟಿದ್ದೀಯೋ. ನಾವೆಲ್ಲ ಅತ್ತು ಹಗುರ ಆದ್ವಿ, ನಿಂಗೆ ಅದೂ ಇಲ್ಲ. ಅಪ್ಪನ್ನ ಹಂಗೆ ನೋಡಿ ನಿಂಗೆ…” ಅವಳು ತಲೆಯೆತ್ತಿ ಅಮ್ಮನ ಮುಖ ನೋಡಿದಳು. “ಅಳು ಬಂದಿತ್ತು ಅಲ್ವಾ ಅಮ್ಮ?”

ಇಲ್ಲಿ ತಲೆಯಾಡಿಸಿದ್ದರೆ ಸಾಕಿತ್ತು. ತಲೆಯಾಡಿಸಲು ಜೊಲ್ಲೂ ಬೇಡ, ಕಣ್ಣೀರೂ ಬೇಡ. ಲೋಕದಲ್ಲಿ ಅಕ್ಕಪಕ್ಕದ ಮನೆಯವರಿಂದ ಹಿಡಿದು ಆಳುವವರ ತನಕ ಎಲ್ಲರೂ ದಿನಕ್ಕೆ ಹತ್ತು ಸಲ ಇದಕ್ಕಿಂತ ಸಣ್ಣ ಲಾಭಕ್ಕೆ ಇದಕ್ಕಿಂತ ದೊಡ್ಡ ಸುಳ್ಳು ಹೇಳುತ್ತಾರೆ. ಆದರೆ ಬೆಳಗಿನಿಂದ ಕೇಳಿದ್ದಕ್ಕೆಲ್ಲ ನಿಜ ಹೇಳಿ, ಹೇಳಿದ್ದನ್ನೆಲ್ಲ ಜನ ನಂಬಿ, ಅವಳ ಮೈಯಲ್ಲಿದ್ದ ಎಚ್ಚರವೆಲ್ಲ ಇಳಿದುಹೋಗಿತ್ತು. ಮಗುವಿನ ಬಿಸಿಗೆ ಬುದ್ಧಿಯೂ ಕರಗಿತ್ತು.

“ಇಲ್ಲ ಮಗಳೇ” ಎಂದಳು.

“ಆಂ?”

“ಅಳು ಬರಲಿಲ್ಲ. ಇವತ್ತು ರಾತ್ರಿ ನೆಮ್ಮದಿಯಾಗಿ ಊಟ ಮಾಡ್ಬಹುದು ಅನ್ನಿಸ್ತು. ಬಾಯಿ ಒಣಗಿ ನಾನು ಸಾಯ್ತಿದ್ರೆ ಅವರು ನನ್ನಂಗೇ ಮಾತಾಡಿ ಜನರನ್ನ ನಗಿಸ್ತಿದ್ರಲ್ಲ. ಒಂದು ದಿನ ಆದ್ರೂ ಏನಾಗ್ತಿದೆ ನಿಂಗೆ ಅಂತ ಕೇಳಿದ್ರೆ ಅಳ್ತಿದ್ನೇನೋ. ಕಣ್ಣಲ್ಲಿ ನೀರಿದ್ದಿದ್ರೂ ಅವತ್ತು ಬರ್ತಿರ್ಲಿಲ್ಲ ಕಣೇ.” ಹೇಳಿ ಅವಳು ಮಗಳ ಮುಖವನ್ನು ಆಸೆಯಿಂದ ನೋಡಿದಳು. ಡಾಕ್ಟರು ನಂಬಿದ್ದರು, ಕಾಗದವನ್ನು ಮುಟ್ಟಿ ಇವಳೂ ನಂಬಿದ್ದಳು, ಇದನ್ನೂ ನಂಬುತ್ತಾಳೆ ಅಂದುಕೊಂಡಳು.

ಮಗಳು ನಂಬಿದಳು. ತೊಂದರೆಯಾದದ್ದೇ ಅದರಿಂದ.

ಅವಳು ಕೂಗಾಡಲಿಲ್ಲ. ಭುಜದಿಂದ ತಲೆ ತೆಗೆದು, ಸ್ವಲ್ಪ ಸರಿದು ಕೂತಳು. ಅಪ್ಪ ಕತ್ತರಿಸುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿಕೊಂಡಳು. ಅಳಿಯ ಔಷಧಿಯ ಚೀಲ ಹಿಡಿದುಕೊಂಡು ಬಂದ. ಇಬ್ಬರ ಮುಖವನ್ನೂ ನೋಡಿ ಚೀಲವನ್ನು ಬೆಂಚಿನ ಮೇಲಿಟ್ಟ. ಮಗಳು ಎದ್ದು ಬಗ್ಗಿ, ಅಮ್ಮನ ಬೆರಳನ್ನು ಹಿಡಿದಿದ್ದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗು ಚೀರಿತು.

“ಒಂದು ಸುಳ್ಳು ಹೇಳಕ್ಕೆ ಆಗ್ಲಿಲ್ವಾ ಅಮ್ಮ ನಿಂಗೆ?” ಎಂದಳು. “ನೀನು ಏನು ಹೇಳಿದ್ರೂ ನಂಬಬೇಕು ಅಂತಲೇ ಬಂದಿದ್ನಲ್ಲ ನಾನು.”

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅಳಿಯ ಒಂದು ಗಳಿಗೆ ತಡೆದು, “ಹನಿ ದಿನಕ್ಕೆ ನಾಲ್ಕು ಸಲ ಹಾಕ್ಕೋಬೇಕಂತೆ, ಅತ್ತೆ” ಎಂದು ಹೇಳಿ ಹಿಂದೆಯೇ ಹೋದ.

ಅವಳಿಗೆ ಅಳು ಬಂದದ್ದು ಆಗ. ಬಾಯಿ ಸೊಟ್ಟಗಾಯಿತು, ಭುಜಗಳು ಕುಲುಕಿದವು. ಒಣನಾಲಿಗೆ ಅಂಗುಳಿಗೆ ಅಂಟಿ ಮಗಳ ಹೆಸರೂ ಹೊರಡಲಿಲ್ಲ. ಕಾರಿಡಾರಿನ ಕೊನೆಯಲ್ಲಿ, ಮೆಟ್ಟಿಲಿನ ಹತ್ತಿರ, ಮಗಳು ಒಂದು ಸಲ ತಿರುಗಿ ನೋಡಿದಳು. ಅಷ್ಟು ದೂರದಿಂದ ಅವಳಿಗೆ ಕಂಡದ್ದು ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸು, ಅವಳ ಒಣಗಿದ ಕೆನ್ನೆ. ಮಗುವಿನ ಟೋಪಿ ಸರಿಮಾಡಿ ಅವಳು ಮೆಟ್ಟಿಲಿಳಿದು ಹೋದಳು.